ಭುಜ ಕೊಡುವಷ್ಟು ಉಸಿರು

ಈರುಳ್ಳಿ ಹೊತ್ತ ಲಾರಿ ಊಟಿ ರಸ್ತೆಯಲ್ಲಿ ಮುಂದೆ ಹೋಗಿಬಿಟ್ಟಿದೆ, ವಾಸನೆ ಮಾತ್ರ ಇಲ್ಲೇ ನಿಂತಿದೆ, ಅದನ್ನೇ ಎಳೆದುಕೊಳ್ಳಬೇಕು ಅಬ್ದುಲ್ ಜಬ್ಬಾರ್, ಬೇರೆ ಗಾಳಿ ಎಲ್ಲಿದೆ, ಎಳೆದದ್ದು ಎದೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಕೆಳಗೆಲ್ಲ ಹತ್ತಿ — ನಲವತ್ತು ವರ್ಷ ಗುಂಡ್ಲುಪೇಟೆಯವರ ಹಾಸಿಗೆಗೆ ಹಿಂಜಿದ ಹತ್ತಿ, ಮದುವೆಯ ಹಾಸಿಗೆ, ಬಾಣಂತಿಯ ಹಾಸಿಗೆ, ಊರಿನವರೆಲ್ಲ ಮೆತ್ತಗೆ ಮಲಗಿದರು, ಮಿಕ್ಕ ಎಳೆ ಅವನ ಎದೆಯೊಳಗೆ ಮಲಗಿತು. ಓಡು. ಫಜರ್ ನಮಾಜು ಮುಗಿದಿದೆ, ಇನ್ನೂ ಪೂರ್ತಿ ಬೆಳಕಾಗಿಲ್ಲ, ಮಸೀದಿಯ ಬಾಗಿಲಿನಿಂದ ಖಬರಸ್ಥಾನದ ಗೇಟಿನವರೆಗೆ ಒಂದು ಸಲವೂ ನಿಲ್ಲದೆ ಹೋಗಬೇಕು, ಅಷ್ಟೇ ಅವನಿಗೆ ಬೇಕಾದ್ದು, ಇದುವರೆಗೆ ಆಗಿಲ್ಲ, ಸೌದೆ ಮಂಡಿಯ ತಿರುವಿನಲ್ಲೇ ದಿನವೂ ಎದೆ ಬಾಗಿಲು ಹಾಕಿಕೊಳ್ಳುತ್ತದೆ, ಸುಫಿಯಾನನ ದಿನ ಹಾಕಿಕೊಂಡ ಹಾಗೆ. ಸುಫಿಯಾನ್ ಹಿರಿಯ ಮಗ, ಹೋದ ರಂಜಾನಿಗೆ ಮುಂಚೆ ಕಾಮಾಲೆಯಲ್ಲಿ ತೀರಿಕೊಂಡ, ಅವನ ಜನಾಜಾ ಈ ರಸ್ತೆಯಲ್ಲೇ ಹೋಯಿತು, ಮುಂದಿನ ಬಲಗಡೆಗೆ ಅಪ್ಪನ ಭುಜ, ಹೊತ್ತವರು ತಡಮಾಡಬಾರದು, ಚುರುಕಾಗಿ ನಡೆಯಬೇಕು, ಅದು ಧರ್ಮ, ಧರ್ಮದ ಮೇಲೆ ಅವನ ದೂರೇನಿಲ್ಲ — ತಿರುವಿನಲ್ಲಿ ಉಸಿರು ಕಟ್ಟಿತು, ಬಿಡಿ ಚಾಚಾ ಬಿಡಿ ಎಂದು ಯಾರೋ ಭುಜದ ಮೇಲಿನ ಜನಾಜಾದ ಮರವನ್ನು ಎತ್ತಿಕೊಂಡರು, ಅವನು ಸೌದೆ ರಾಶಿ ಹಿಡಿದು ಕೂತ, ಜನಾಜಾ ತಲೆಗಳ ಮೇಲೆ ತೇಲುತ್ತ ಹೋಯಿತು, ಹಸಿರು ಚಾದರದ ಒಂದು ಮೂಲೆ ಜಾರಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಆ ಮೂಲೆ ಸಿಕ್ಕಿಸಿ ಎಂದು ಕೂಗಬೇಕು, ಕೂಗಲು ಉಸಿರು ಬೇಡವೆ. ಸಂಜೆಯ ಮಗ್ರಿಬ್ ನಮಾಜು ಹತ್ತಿರವಾಗಿತ್ತು, ಇವನನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ ಎಂದುಕೊಂಡರಂತೆ, ಅವನು ಗೇಟು ಮುಟ್ಟುವಾಗ ಎಲ್ಲರೂ ಕೈ ತೊಳೆಯುತ್ತಿದ್ದರು. ತಂದೆ ಹಾಕಬೇಕಾದ ಮೂರು ಹಿಡಿ ಮಣ್ಣು, ಹಾಕಲಿಲ್ಲ. ಅಲ್ಲಾಹನು ನೋಡಿದ್ದಾನೆ, ಕ್ಷಮಿಸುತ್ತಾನೆ, ಆದರೂ ಕೈ ಇನ್ನೂ ಖಾಲಿ.

ಈಗ ಹೆಂಡತಿ ಮಹಮೂದಾ. ಹೊಟ್ಟೆಯೊಳಗೆ ಗಡ್ಡೆ, ಚಾಮರಾಜನಗರದವರು ಮೈಸೂರಿಗೆ ಕಳಿಸಿದರು, ಮೈಸೂರಿನವರು ಮನೆಗೆ ಕಳಿಸಿದರು, ಬಾಯಿಗೆ ರುಚಿಯಾದ್ದು ಮಾಡಿ ಕೊಡಿ ಎಂದರು ಡಾಕ್ಟರು, ಅಷ್ಟು ಮೆತ್ತಗೆ ಮಾತಾಡುವ ಡಾಕ್ಟರನ್ನು ಅವನು ಕಂಡಿರಲಿಲ್ಲ. ಗಂಡನಾದವನು ಹೆಂಡತಿಯ ಜನಾಜಾಕ್ಕೆ ಭುಜ ಕೊಡಬಾರದಂತೆ, ನಿಜವೇ ಹಜರತ್, ಎಂದು ಮೌಲವಿಗಳನ್ನು ಕೇಳಿದ, ಸುಳ್ಳು ಜಬ್ಬಾರ್ ಭಾಯಿ, ಜನ ಏನೇನೋ ಹೇಳುತ್ತಾರೆ, ಭುಜ ಕೊಡಬಹುದು, ಕೈಯಾರೆ ಗುಂಡಿಗೆ ಇಳಿಸಲೂಬಹುದು — ಮನೆಗೆ ಬಂದರೆ ಮಂಚದಿಂದ ಅವಳು, ಏನ್ ಜೀ, ಮುಖ ಇಷ್ಟು ಗೆಲುವಾಗಿದೆ, ಏನು ಸಿಕ್ಕಿತು. ಏನೆಂದು ಹೇಳುವುದು. ಮರುದಿನ ಓಡಲು ಹೊರಟಾಗ, ಸಕ್ಕರೆ ಕಾಯಿಲೆಗೆ ಓಡಲು ಹೇಳಿದ್ದಾರೆ ಎಂದ. ಅಂದಿನಿಂದ ದಿನವೂ ಕೇಳುತ್ತಾಳೆ, ಇವತ್ತು ಎಲ್ಲಿವರೆಗೆ, ಸೌದೆ ಮಂಡಿವರೆಗೆ, ಅಯ್ಯೋ ಅಷ್ಟೇನಾ, ನಾಳೆ ಇನ್ನೂ ಸ್ವಲ್ಪ ಹೋಗಿ, ನೀವು ಗಟ್ಟಿಯಾಗಿರಬೇಕು, ಮದುವೆ ದಿನವೇ ತಡವಾಗಿ ಬಂದವರು ನೀವು, ಎಂದು ನಗುತ್ತಾಳೆ, ನಕ್ಕರೆ ನೋವಾಗಿ ದಿಂಬು ಹಿಡಿಯುತ್ತಾಳೆ, ಆ ದಿಂಬೂ ಅವನು ತುಂಬಿದ್ದು.

ಎಸ್‌ಟಿಡಿ ಬೂತು ದಾಟಿತು, ಗಿರೀಶನ ಟೀ ಅಂಗಡಿ, ಸೀಮೆಎಣ್ಣೆ ಸ್ಟವ್ ಭುಸುಗುಡುತ್ತಿದೆ, ಯಾರ್ ಜೊತೆ ಓಡೋಯ್ತಿದ್ದೀರಿ ಸಾಬ್ರೆ, ಮನೇಲಿ ಅಮ್ಮಾವ್ರ್ಗೆ ಗೊತ್ತಾ, ಎನ್ನುತ್ತಾನೆ ಗಿರೀಶ, ಬೆಂಚಿನ ಮೇಲಿನವನು, ಎಣ್ಣು ಮೊದ್ಲೇ ಬಸ್ ಅತ್ತುಬುಟ್ಟದೆ ಕಣ್ಲಾ, ಇವ್ರು ಇಂದ್ಗಡೆಯಿಂದ ಇಡ್ಕೊಳಕೆ ಓಡ್ತಾವ್ರೆ, ನಗಲಿ ಪಾಪ, ಬಾಯಿ ತೆರೆದರೆ ಉಸಿರು ಹೋಗುತ್ತದೆ. ರಂಗನಾಯಕ ಮೇಷ್ಟ್ರು ಹೇಳಿಕೊಟ್ಟಿದ್ದಾರೆ, ಶಾಲೆಯ ಮಕ್ಕಳನ್ನು ಓಡಿಸಿ ಈಗ ನಿವೃತ್ತರಾದವರು, ಆಗಲ್ಲ ಅಂದ್ಕೊಂಡ್ರೆ ಕಾಲೂ ಆಗಲ್ಲ ಅಂತದೆ ಸಾಬ್ರೆ, ಒಳ್ಳೇದ್ನೇ ನೆನ್ಕೊಳಿ, ಮುಟ್ಟೋ ಜಾಗನ ಮೊದ್ಲೇ ಕಣ್ಮುಂದೆ ತಂದ್ಕೊಬುಡಿ, ಅಲ್ಲೇ ನಿಂತಿವ್ನಿ ಅಂತ ತಿಳ್ಕೊಂಡು ಓಡಿ. ಮುಟ್ಟುವ ಜಾಗ ಯಾವುದೆಂದು ಮೇಷ್ಟ್ರು ಕೇಳಲಿಲ್ಲ. ಒಳ್ಳೆಯದು — ಇವತ್ತು ಒಳ್ಳೆಯದನ್ನೇ ನೆನೆಯುತ್ತೇನೆ, ಮಹಮೂದಾ ಎದ್ದು ಕೂತಿದ್ದಾಳೆ, ರೊಟ್ಟಿ ಹಿಟ್ಟು ಕಲಸುತ್ತಿದ್ದಾಳೆ, ಹಿಟ್ಟಿಗೆ ಹತ್ತಿ ಬಿತ್ತು ನೋಡಿ ಎಂದು ಬೈಯುತ್ತಿದ್ದಾಳೆ, ಬೈಗುಳ ಎಷ್ಟು ಸಿಹಿ, ಯಾ ಅಲ್ಲಾಹ್, ಇದನ್ನೇ ನಿಜ ಮಾಡು — ಕಾಲು ಸಡಿಲವಾಯಿತು. ಓಟ ನಡಿಗೆಯಾಗುತ್ತಿದೆ. ಅವಳು ಎದ್ದು ಕೂತರೆ ಓಡುವುದು ಯಾಕೆ, ಕಾಲಿಗೆ ಗೊತ್ತು. ಸೌದೆ ಮಂಡಿ ಬಂತು, ತಿರುವು ಬಂತು, ಎದೆ ಮುಚ್ಚುತ್ತಿದೆ, ನಿಲ್ಲಬೇಡ, ಕಣ್ಮುಂದೆ ತಂದುಕೋ, ಆ ಜಾಗವನ್ನೇ ತಂದುಕೋ, ಕೆಂಪು ಮಣ್ಣು, ಅಗೆದ ಗುಂಡಿ, ಬಿಳಿ ಕಫನ್ ಬಟ್ಟೆ, ಎಷ್ಟು ಹಗುರ ಅವಳು, ಕಾಯಿಲೆ ಅವಳನ್ನು ಹಿಂಜಿ ಹಿಂಜಿ ಹಗುರ ಮಾಡಿದೆ, ಕಾಲು ಎದ್ದಿತು. ಕಾಲು ಓಡುತ್ತಿದೆ. ಬೇರೇನಾದರೂ ಕೊಡು ಮಾಲಿಕ್, ಓಡಲು ಬೇರೆ ಯಾವುದಾದರೂ ನೆನಪು ಕೊಡು, ಇದನ್ನಲ್ಲ, ಆದರೆ ಇದರಿಂದಲೇ ಉಸಿರು ಬರುತ್ತಿದೆ, ಅರ್ಧದಲ್ಲಿ ನಿಂತಿದ್ದದ್ದು ಬುಡದವರೆಗೂ ಇಳಿಯುತ್ತಿದೆ, ಹುಣಸೆಮರ ಹಿಂದಾಯಿತು, ಕಾಂಪೌಂಡು, ಗೇಟಿನ ತಣ್ಣನೆಯ ಸರಳು ಕೈಗೆ ಸಿಕ್ಕಿತು. ನಿಲ್ಲಲಿಲ್ಲ. ಒಂದು ಸಲವೂ ನಿಲ್ಲಲಿಲ್ಲ. ಅಲ್ಹಮ್ದುಲಿಲ್ಲಾಹ್ — ಗಟ್ಟಿಯಾಗಿ ಬಾಯಿಂದ ಬಂದೇಬಿಟ್ಟಿತು, ನಗುವೂ ಬಂದಿತ್ತು, ಎದೆ ಇನ್ನೂ ಒಂದು ಮೈಲಿಗೆ ಸಿದ್ಧವಾಗಿತ್ತು. ಯಾವುದಕ್ಕೆ ಕೃತಜ್ಞತೆ ಹೇಳಿದೆ ಜಬ್ಬಾರ್. ಅವಳು ಇನ್ನೂ ಮಂಚದ ಮೇಲೆ ಇದ್ದಾಳೆ, ಎಲ್ಲಿವರೆಗೆ ಹೋದಿರಿ ಎಂದು ಕೇಳಲು ಕಾಯುತ್ತಿದ್ದಾಳೆ. ಹಿಂದೆ ರಸ್ತೆ ಖಾಲಿ. ಆದರೂ ಭುಜದ ಮೇಲೆ ಜನಾಜಾದ ಮರ ಕೂತಿದೆ, ಮುಂದಿನ ಬಲಗಡೆ, ಹಸಿರು ಚಾದರ, ಒಂದು ಮೂಲೆ ಜಾರಿದೆ, ಈ ಸಲ ದೂರ ಹೋಗುತ್ತಿಲ್ಲ, ಅವನ ಕೆನ್ನೆಗೇ ಬಡಿಯುತ್ತಿದೆ, ಹಸಿರು ಮೂಲೆ, ಕೆನ್ನೆಗೆ,