ಬಾತುಮರಿ ಹೊರಬರೂ ತನಕ ಪಂಡರಿ ಕೈ ಕಟ್ಟಿ ಕುಂತದ್ದು

ಹುಡಗಿ ಅನ್ನೂ ಊರಿನ ಪಂಡರಿಗೆ ತನ್ನ ಎರಡೂ ಕೈ ಮ್ಯಾಲ ಭಾಳ ಹೆಮ್ಮೆ. ಹೆಮ್ಮೆ ಪಡೂವಂಥ ಕೈನೇ ಬಿಡ್ರಿ ಅವು. ಹೊಟ್ಟ್ಯಾಗ ಮರಿ ಅಡ್ಡ ಸಿಕ್ಕ ಎಷ್ಟೋ ಕುರಿ ಅವನ ಕೈಯಿಂದ ಬದುಕ್ಯಾವ. ಮೋರಖಂಡಿ ಊರಿನ ಬೀಗರೂ ಫೋನ್ ಹಚ್ಚಿ ಕರೀತಾರ.

ಹೋದ ಮಳಿಗಾಲದಾಗ ಮಾತ್ರ ಆ ಕೈದು ಏನೂ ನಡೀಲಿಲ್ಲ. ಕೆರಿ ದಂಡಿ ಹಸಿ ಹುಲ್ಲು ಮೇಯ್ದ ಅವನ ಕುರಿಗೆ ಗದ್ದದ ಕೆಳಗ ಬಾವು ಬಂತು. ನೋಡನೋಡತ ನಾಕು ಕುರಿ ಸತ್ವು. ಊರಿನ ದನ-ಕುರಿ ಆರೈಕಿ ನೋಡೂ ಪಶುಸಖಿ ತುಳಜಾಬಾಯಿ ಬಂದು ನೋಡಿದಳು.

"ಅಣ್ಣಾ, ಕಲೇಜಿಗೆ, ಅಂದ್ರ ಯಕೃತ್ತಿಗೆ, ಹುಳ ಬಿದ್ದದ. ಆ ಹುಳ ಕೆರಿ ದಂಡಿ ಬಸವನಹುಳದಾಗ ಬೆಳೀತದ. ಡಾಕ್ಟರ್ ಹೇಳಿದ ಔಷಧ ತಪ್ಪಸಬ್ಯಾಡ್ರಿ. ಜೋಡಿಗೆ ನಾಕು ಬಾತುಕೋಳಿ ಸಾಕ್ರಿ, ಬಸವನಹುಳ ಅಂದ್ರ ಅವಕ್ಕ ಜೀವ" ಅಂದಳು.

ಪಂಡರಿ ಹೆಂಡತಿ ಚಂದಮ್ಮ ಒಂದು ಜೋಡಿ ಬಾತು ತಂದಳು. ಹೆಣ್ಣು ಒಂಬತ್ತು ತತ್ತಿ ಇಟ್ಟಿತು. ಕಾವಿಗೆ ಕೂಡಬೇಕು, ಅಷ್ಟರಾಗ ನಾಯಿ ಆ ಹೆಣ್ಣು ಬಾತನ್ನ ಹಿಡಕೊಂಡು ಹೋದ್ವು. ಗಂಡು ಬಾತು ಗೊಗ್ಗರು ದನಿ ಮಾಡಕೋತ ಅಂಗಳ ತುಂಬ ಹುಡುಕಾಕತ್ತಿತು. ಮಳಿಗಾಲ ಬ್ಯಾರೆ ಹತ್ರ ಬಂದಿತ್ತು. ಈ ತತ್ತಿ ಹೋದ್ರ ಕುರಿ ಗತಿ ಏನು?

ತುಳಜಾಬಾಯಿ ಒಂದು ಥರ್ಮಾಕೋಲ್ ಪೆಟಿಗಿ ತಂದು ಇಟ್ಟಳು. ಒಳಗ ಬಲ್ಬು, ಶಾಖ ಅಳೆಯೂ ಕಾಟಾ, ಒಂದು ಬಟ್ಟಲು ನೀರು. ಮುಚ್ಚಳಕ್ಕ ಸಣ್ಣ ಗಾಜಿನ ಕಿಟಕಿ.

"ಇದಕ್ಕ ಇನ್‌ಕ್ಯುಬೇಟರ್ ಅಂತಾರ ಅಕ್ಕಾ, ತಾಯಿ ಬದಲಿ ತತ್ತಿಗೆ ಕಾವು ಕೊಡತದ. ಶಾಖ ಮೂವತ್ತೇಳೂವರಿ ಡಿಗ್ರಿ ಇರಬೇಕು. ತತ್ತಿ ತೊಳೀಬ್ಯಾಡ್ರಿ, ಒಣ ಬಟ್ಟಿಲೇ ಒರಸ್ರಿ. ದಿನಾ ಐದು ಸಲ ಮಗ್ಗಲು ಬದಲಾಸ್ರಿ."

ಪಂಡರಿ ನಕ್ಕ. "ಏ ತಂಗಿ, ಪೆಟಿಗಿ ಎಲ್ಯಾರ ತಾಯಿ ಆಗ್ತದೇನು?"

"ನಿಮಗ ನಂಬಕಿ ಇರದಿದ್ರ ಇರಲಿ. ಕರೆಂಟ್ ಹೋದಾಗ ನಿಮ್ಮ ಕಂಬಳಿ ಕೊಡ್ರಿ, ಸಾಕು" ಅಂದಳು ತುಳಜಾಬಾಯಿ.

ಏಳನೇ ದಿನ ಬಾಗಿಲಾ ಮುಚ್ಚಿ ಟಾರ್ಚ್ ಹಿಡಿದು ನೋಡಿದ್ರು. ಎರಡು ತತ್ತಿ ಖಾಲಿ. ಏಳರಾಗ ಕೆಂಪು ನರ ಹರದಾಡಿದ್ವು, ನಡುವ ಒಂದು ಕಪ್ಪು ಚುಕ್ಕಿ ಮಿಸುಕಾಡಾಕತ್ತಿತ್ತು. ಅವತ್ತಿನಿಂದ ಪಂಡರಿ ನಗೂದು ಬಿಟ್ಟ. ಕರೆಂಟ್ ಹೋದ್ರ ಕೇಳದನ ಕಂಬಳಿ ಹೊಚ್ಚತಿದ್ದ. ಖರೆ, ಇಪ್ಪತ್ತೊಂದನೇ ದಿನ ದಾಟಿದ ಮ್ಯಾಲ ಮತ್ತ ಅವನ ಮಾರಿ ಸಣ್ಣದಾತು.

"ಕೋಳಿ ಮರಿ ಇಷ್ಟೊತ್ತಿಗೆ ಬರ್ತಾವ. ಇವು ಕೊಳತಾವ, ಒಗಿ" ಅಂದ.

"ಬಾತಿಗೆ ಇಪ್ಪತ್ತೆಂಟು ದಿನ ಬೇಕಂತ. ಸುಮ್ಮ ಇರ್ರಿ" ಅಂದಳು ಚಂದಮ್ಮ.

ಇಪ್ಪತ್ತೈದನೇ ದಿನ ತುಳಜಾಬಾಯಿ ಬಂದು ಇನ್ನೊಂದು ಬಟ್ಟಲು ನೀರು ಒಳಗಿಟ್ಟಳು. "ಇನ್ನ ತತ್ತಿ ಹೊಳ್ಳಸಬ್ಯಾಡ್ರಿ, ಮುಚ್ಚಳಾನೂ ತೆರೀಬ್ಯಾಡ್ರಿ" ಅಂತ ಹೇಳಿ ಹೋದಳು.

ಇಪ್ಪತ್ತೇಳನೇ ದಿನ ಮುಂಜಾನೆ ಒಂದು ತತ್ತಿ ಸೀಳಿತು. ಸಾಸಿವಿಯಷ್ಟು ತೂತು. ಒಳಗಿಂದ ಚೀಂವ್ ಅಂತು! ಚಂದಮ್ಮ ಕೈ ಮುಗಿದಳು. ಸಂಜೀಕ ನೋಡಿದ್ರ ತೂತು ಅಷ್ಟೇ ಅದ. ಮರುದಿನ ಊಟದ ಹೊತ್ತಿಗೆ ಉಳದ ಆರೂ ಸೀಳ್ಯಾವ, ಮರಿ ಮಾತ್ರ ಒಂದೂ ಹೊರಗಿಲ್ಲ. ಮೊದಲಿನದರ ದನಿ ಸಣ್ಣಾಗಿತ್ತು.

ಪಂಡರಿಗೆ ತಡೀಲಿಲ್ಲ. ಕುರಿ ಇಷ್ಟು ಹೊತ್ತು ತಿಣಕಿದ್ರ ಅವ ಎಂದರ ಸುಮ್ಮ ಕುಂತಾನೇನು? ಚಂದಮ್ಮ ನೀರಿಗೆ ಹೋದಾಗ ಮುಚ್ಚಳಾ ತೆಗೆದ. ಮೊದಲು ಸೀಳಿದ ತತ್ತಿ ಅಂಗೈಯಾಗ ಇಟಗೊಂಡು ಉಗುರಿಲೇ ಸಿಪ್ಪಿ ಸುಲದ. ಒಂದು ಚೂರು ಬಂತು. ಎರಡನೇ ಚೂರಿಗೆ ಕೆಂಪಗ ರಕ್ತ ಜಿನುಗಿತು.

ಪಂಡರಿ ತತ್ತಿ ಒಳಗಿಟ್ಟು ಮುಚ್ಚಳಾ ಮುಚ್ಚಿ ತುಳಜಾಬಾಯಿಗೆ ಫೋನ್ ಹಚ್ಚಿದ. "ತಂಗಿ, ಜಲ್ದಿ ಬಾ. ನಾನ ಕೊಂದೆನೇನೋ."

ತುಳಜಾಬಾಯಿ ಓಡಿ ಬಂದಳು. ಬೈಲಿಲ್ಲ. ಬಟ್ಟಲಿಗೆ ಉಗುರುಬೆಚ್ಚನ ನೀರು ಹಾಕಿ ತಟ್ಟನೆ ಮುಚ್ಚಿದಳು.

"ಅಣ್ಣಾ, ತೂತು ಬಿದ್ದ ಮ್ಯಾಲ ಒಂದು ದಿನ, ಒಮ್ಮೊಮ್ಮೆ ಎರಡು ದಿನ ಹಿಡೀತದ. ಆವಾಗ ಮರಿ ಸುಮ್ಮ ಇರಂಗಿಲ್ಲ. ಸಿಪ್ಪಿ ಒಳಗಿನ ಪೊರಿಯಾಗಿನ ರಕ್ತ ಮೈಯಾಗ ಎಳಕೋತದ, ತತ್ತಿಯ ಹಳದಿ ಭಾಗ ಹೊಟ್ಟಿಗೆ ತಗೋತದ. ನೀವು ಸುಲದ್ರ ಆ ರಕ್ತ ಹೊರಗ ಹೋಗ್ತದ. ಮುಚ್ಚಳಾ ತೆರದ್ರ ಪೊರಿ ಒಣಗಿ ಉಳದ ಆರೂ ಮರಿಗೆ ಬಿಗೀತದ."

"ಹಂಗಾರ ಈಗ ಏನ್ ಮಾಡ್ಲಿ?"

"ಕೈ ಕಟ್ಟಿ ಕುಂದರ್ರಿ."

ನೀರು ತಂದ ಚಂದಮ್ಮ ಗಂಡನ ಮಾರಿ ನೋಡೇ ಎಲ್ಲಾ ತಿಳಕೊಂಡಳು. ಕೊಡ ಇಳಿಸಿ ಕಿಟಕಿಯಿಂದ ತತ್ತಿ ನೋಡಿದಳು. ಪಂಡರಿ ಪೆಟಿಗಿ ಮುಂದ ಎರಡೂ ಕೈ ಕಂಕಳಾಗ ಒತ್ತಿಕೊಂಡು ಕುಂತ. ಅಂಥಾ ಕಷ್ಟದ ಕೆಲಸ ಅವ ಜನ್ಮದಾಗ ಮಾಡಿರಲಿಲ್ಲ.

ಹೊತ್ತು ಮುಳುಗೂದರಾಗ ಒಂದು ತತ್ತಿ ಎರಡು ಹೋಳಾತು. ತೊಯ್ದ ಮರಿ ಉರುಳಿ ಬಿತ್ತು. ಮುಂಜಾನೆ ಎಣಿಸಿದ್ರ ಆರು. ಪಂಡರಿ ಸುಲದ ತತ್ತಿ ಮಾತ್ರ ಹಂಗೇ ಇತ್ತು. ಅವ ಚಹಾನೂ ಕುಡೀಲಿಲ್ಲ. ಬಿಸಿಲು ಅಂಗಳಕ್ಕ ಬಂದಾಗ ಅದು ಒಮ್ಮೆ ಒದ್ದಿತು, ದಣಕೊಂಡು ನಿಂತಿತು, ಮತ್ತ ಒದ್ದಿತು. ಟೊಪಗಿ ತೆಗದಂಗ ಸಿಪ್ಪಿ ಹಾರಿ ಬಿತ್ತು.

"ಬಂತ ನೋಡ, ಚಂದೂ! ಏಳನೇದೂ ಬಂತು!" ಪಂಡರಿ ಸಣ್ಣ ಹುಡುಗನಂಗ ಅತ್ತ. ಚಂದಮ್ಮ ಸೆರಗಿಲೇ ಕಣ್ಣು ಒರಸಿಕೊಂಡು, "ಈಗರ ಚಹಾ ಕುಡೀರಿ" ಅಂದಳು.

ಮೈ ಒಣಗೂ ತನಕ ಮರಿ ಪೆಟಿಗಿಯಾಗೇ ಇದ್ವು. ಒಂದು ತಿಂಗಳು ಬೆಚ್ಚಗ ಸಾಕಿದ ಮ್ಯಾಲ, ಮೈತುಂಬ ಪುಕ್ಕ ಬಂದ ಮ್ಯಾಲ, ಕೆರಿ ದಂಡಿಗೆ ಬಿಟ್ಟರು. ಗಂಡು ಬಾತು ಮುಂದ, ಏಳೂ ಹಿಂದ, ಬಸವನಹುಳ ಹೆಕ್ಕಿಕೋತ ಹೊಂಟ್ವು. ಈಗ ಯಾರರ ತತ್ತಿ ಬಗ್ಗೆ ಫೋನ್ ಹಚ್ಚಿದ್ರ ಪಂಡರಿ ಹೇಳತಾನ: "ಕುರಿ ಆದ್ರ ನಾ ಬರ್ತೇನಿ. ತತ್ತಿ ಆದ್ರ ನೀ ಕೈ ಕಟ್ಟಿ ಕುಂದರು."

ಅಕ್ಕಾಗೋಳ, ಅಣ್ಣಾಗೋಳ, ನೀವೂ ಬಾತಿನ ತತ್ತಿ ಕಾವಿಗಿಡ್ರಿ. ಶಾಖ ನೋಡ್ರಿ, ನೀರು ನೋಡ್ರಿ, ಇಪ್ಪತ್ತೆಂಟು ದಿನ ಎಣಿಸ್ರಿ. ತಿಳೀದಿದ್ರ ನಿಮ್ಮೂರ ಪಶುಸಖೀನ ಕೇಳ್ರಿ. ಚೀಂವ್ ಅನ್ನೂದು ಕೇಳಿ ಕೈ ಮುಂದ ಹೋದಾಗ ಪಂಡರೀನ ನೆನಸಿಕೊಂಡು ಹಿಂದಕ್ಕ ತಗೋರಿ. ಮುಚ್ಚಳಾ ಮುಚ್ಚೇ ಇರಲಿ, ಮರಿ ತಾನಾಗೇ ಬರ್ತದ.