ಕಲಶವಾದ ಫ್ರೆಂಚ್ ಹೂದಾನಿ

ಡಾಕ್ಟರ್ ಉದಯಶಂಕರ್ ಅವರಿಗೆ ಬೆಳ್ಳಿ ಹುಚ್ಚು. ಅದೂ ಎಂಥ ಬೆಳ್ಳಿ ಅಂತೀರಿ? ಪ್ಯಾರಿಸ್ಸಿನ ಕೆಲಸಗಾರರ ಕೈಯದ್ದೇ ಆಗಬೇಕು! ಅಡಿಲೇಡಿನ ಹಳೇ ಸಾಮಾನಿನ ಅಂಗಡಿಯಿಂದ ತಂದ ಹೂದಾನಿಯೊಂದನ್ನು ಬ್ರಿಸ್ಬೇನ್‌ನ ರನ್‌ಕಾರ್ನ್ ಬಡಾವಣೆಯ ತಮ್ಮ ಮನೆಯ ಗಾಜಿನ ಬೀರುವಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮೈತುಂಬ ಚಿಪ್ಪು, ಅಲೆ, ಸುರುಳಿ ಬಳ್ಳಿ. ಎಡಗಡೆ ಇದ್ದದ್ದು ಬಲಗಡೆ ಇಲ್ಲ. "ರೊಕೊಕೊ ಶೈಲಿ ಅಂದ್ರೆ ಇದು ಕಣ್ರೀ! ಹದಿನೆಂಟನೇ ಶತಮಾನದ ಫ್ರಾನ್ಸಿನ ರಾಜರ ಕಾಲದ್ದು" ಎನ್ನುವರು.

ಪರ್ತ್‌ನ ಗೆಳೆಯ ರಮಾಕಾಂತ್ ಮಾತ್ರ ಒಪ್ಪಿರಲಿಲ್ಲ. "ಆ ಶೈಲಿ ಸತ್ತು ಎಷ್ಟೋ ಕಾಲ ಆದ್ಮೇಲೆ ಮತ್ತೆ ಎಬ್ಬಿಸಿದ್ರಲ್ಲ, ಆಗಿನದು ನಿನ್ನದು." ಫೋನಿನಲ್ಲೇ ಜಗಳ ಬೆಳೆದು, ಶನಿವಾರ ಬ್ರಿಸ್ಬೇನ್‌ನ ಹಳೇ ಬೆಳ್ಳಿ ಪ್ರದರ್ಶನದಲ್ಲಿ ತೀರ್ಮಾನವಾಗಲಿ, ಸೋತವನು ಎಲ್ಲರೆದುರು ಒಪ್ಪಿಕೊಳ್ಳಲಿ ಎಂದಾಯಿತು.

ಹಿಂದಿನ ದಿನ ವರಮಹಾಲಕ್ಷ್ಮಿ ಹಬ್ಬ. ಆಸ್ಪತ್ರೆಯಿಂದ ಬಂದು ನೋಡಿದರೆ ಬೀರು ಖಾಲಿ! ಮೈಸೂರಿಂದ ಬಂದಿದ್ದ ಅಕ್ಕ ಇಂದುಮತಿ ಹೂದಾನಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ಫಳಫಳ ಉಜ್ಜಿ, ಮಾವಿನೆಲೆ, ತೆಂಗಿನಕಾಯಿ ಇಟ್ಟು ಕಲಶ ಮಾಡಿ ಕೂರಿಸಿಬಿಟ್ಟಿದ್ದರು.

"ಅಕ್ಕಾ! ಏನ್ ಮಾಡ್ಬಿಟ್ಟೆ! ಆ ಕಪ್ಪು ಕೊಳೆ ಅಲ್ಲ, ಅದರ ವಯಸ್ಸು!"

"ವಯಸ್ಸಂತೆ! ಮಸಿ ಹಿಡಿದ ಬೆಳ್ಳಿ ಇಟ್ರೆ ಲಕ್ಷ್ಮಿ ಬರ್ತಾಳಾ? ನಿನ್ನ ಮನೇಲಿ ಒಂದು ಬೆಳ್ಳಿ ಚೊಂಬಿಲ್ಲ. ಇದರ ಕಂಠ ಉಜ್ತಿದ್ರೆ ಕಿರೀಟ ಇಟ್ಕೊಂಡ ಪುಟ್ಟ ಅಮ್ಮನವರ ಮುಖ ಕಾಣಿಸ್ತು ಕಣೋ. ತಾಯಿ ತಾನಾಗೇ ಬಂದಿದಾಳೆ ಅಂತ ಇದನ್ನೇ ಕೂರಿಸ್ದೆ."

ಉದಯಶಂಕರ್ ಭೂತಗನ್ನಡಿ ಹಿಡಿದು ಬಗ್ಗಿದರು. ಚಿಪ್ಪಿನ ಮಡಿಕೆಯಲ್ಲಿ, ಇಷ್ಟು ದಿನ ಕಪ್ಪಿನಡಿ ಅಡಗಿದ್ದ ಚುಕ್ಕೆಯಂಥ ಮುದ್ರೆ, ಬೆಳ್ಳಿ ಅಪ್ಪಟವೆಂಬ ಗುರುತು: ಶಿರಸ್ತ್ರಾಣ ತೊಟ್ಟ ರೋಮನ್ ದೇವತೆ ಮಿನರ್ವಾಳ ಮುಖ. ಫ್ರಾನ್ಸಿನ ಬೆಳ್ಳಿಗೆ ಅದನ್ನು ಒತ್ತಲು ಶುರುಮಾಡಿದ್ದೇ ಹತ್ತೊಂಬತ್ತನೇ ಶತಮಾನದಲ್ಲಿ. ಅಯ್ಯೋ ಶಿವನೇ, ರಮಾಕಾಂತನೇ ಗೆದ್ದ!

"ಇದು ನಕಲು, ಅಕ್ಕ" ಎಂದು ಸೋಫಾದಲ್ಲಿ ಕುಸಿದರು. "ಹಳೇದನ್ನ ನೋಡಿ ಯಾರೋ ಆಮೇಲೆ ಮಾಡಿದ್ದು."

"ಬಾಗಿಲಲ್ಲಿ ಹಾಕಿದೀನಲ್ಲ, ಆ ರಂಗೋಲಿ ಅಜ್ಜಿದು. ಅಜ್ಜಿ ಹೋದ್ಮೇಲೆ ಯಾರೂ ಹಾಕ್ತಿರ್ಲಿಲ್ಲ. ನೆನೆಸಿ ನೆನೆಸಿ, ಅಳಿಸಿ ಅಳಿಸಿ ಕೈಗೆ ತಂದ್ಕೊಂಡೆ. ಅದೂ ನಕಲೇನೋ?"

ಉದಯಶಂಕರ್ ಕಲಶದತ್ತ ತಿರುಗಿದರು. ಬೆಳಿಗ್ಗೆ ಕದಲಿಸುವವರೆಗೆ ಕಲಶ ಮುಟ್ಟುವಂತಿಲ್ಲ. ಎದುರಿಗೆ ಕೂತು ನೋಡುವುದೊಂದೇ ದಾರಿ. ದೀಪದ ಬೆಳಕಿನಲ್ಲಿ ಒಂದೊಂದು ಅಲೆಯೂ ಮಗುಚಿ ಬೀಳುವಂತಿತ್ತು. ಇದನ್ನು ಮಾಡಿದವನಿಗೆ ಕಲಿಸುವ ಗುರುವೂ ಉಳಿದಿರಲಿಲ್ಲವಲ್ಲ! ಹಳೇ ಪಾತ್ರೆಗಳನ್ನು ನೋಡಿ ನೋಡಿಯೇ ಹಿಡಿದಿರಬೇಕು. ಒಳಗಿನಿಂದ ಬಡಿದು ಬಡಿದು, ಗಟ್ಟಿ ತಗಡಿಗೆ ನೀರಿನ ಬಳುಕು ತಂದಿದ್ದಾನೆ ಪುಣ್ಯಾತ್ಮ. ಅವರಿಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿ ಬಂತು.

ಮಾರನೆಯ ದಿನ ಪ್ರದರ್ಶನದಲ್ಲಿ, ಯಾರೂ ಕೇಳುವ ಮೊದಲೇ ಉದಯಶಂಕರ್ ಗಟ್ಟಿಯಾಗಿ ಹೇಳಿಬಿಟ್ಟರು: "ರಮಾಕಾಂತ್ ಹೇಳಿದ್ದೇ ಸರಿ. ಕಂಠದಲ್ಲಿ ಮಿನರ್ವಾ ಮುದ್ರೆ ಇದೆ, ಇದು ರಾಜರ ಕಾಲದ್ದಲ್ಲ. ಮರೆತುಹೋಗಿದ್ದ ವಿದ್ಯೆಯನ್ನ ಮತ್ತೆ ಕೈಗೆ ತಂದ್ಕೊಂಡವನದು."

ಪರ್ತ್‌ನಿಂದ ಹಾರಿ ಬಂದಿದ್ದ ರಮಾಕಾಂತ್ ಗೆದ್ದ ಖುಷಿಯಿಂದ ಭೂತಗನ್ನಡಿ ತೆಗೆದರು. "ಎಲ್ಲೋ ಮುದ್ರೆ? ಇಲ್ಲಿ ಬರೀ ಕೆಂಪಗಿದೆ!"

ಕೊಟ್ಟು ಕಳಿಸುವಾಗ ಅಕ್ಕ ಆ ಪುಟ್ಟ ಮುಖಕ್ಕೆ ಕುಂಕುಮ ಹಚ್ಚಿದ್ದರು. ಒರೆಸಲು ರಮಾಕಾಂತ್ ಕರ್ಚೀಫು ತೆಗೆದರೆ, ಉದಯಶಂಕರ್ ಕೈ ಅಡ್ಡ ಹಿಡಿದರು.

"ಬೇಡ ಕಣೋ, ಇರಲಿ. ಗೆದ್ದದ್ದು ನೀನೇ ಅಂತ ಒಪ್ಪಿದೀನಲ್ಲ."