ತಿಂಗಳ ಪೂಜೆಯ ತನಕ ಟಿವಿ ಇಲ್ಲ

ನನ್ನ ಗಂಡ ಜೆರಾಲ್ಡನಿಗೆ ಕಂಪ್ಯೂಟರ್ ರಿಪೇರಿ ಬರುವುದಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳಲೂ ಬರುವುದಿಲ್ಲ. ಆ ವಾರವಿಡೀ ಬಹರೈನಿನ ಸಿತ್ರಾದ ಆಫೀಸಿನಿಂದ ಕಂಪನಿ ಬಸ್ಸಿನಲ್ಲಿ ಬಂದವನೇ, ಮುಖಕ್ಕೆ ನೀರು ಕೂಡ ಹಾಕದೆ, ಹಾಲ್‌ನ ಮೂಲೆಯ ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವನ ಕಾಲ್ಚೀಲಗಳು ಮಾತ್ರ.

ರೋಗ ಇಷ್ಟೇ. ಬಟನ್ ಒತ್ತಿದರೆ ಒಳಗೆ ಫ್ಯಾನ್ ತಿರುಗುತ್ತದೆ. ಪರದೆಯಲ್ಲಿ ಕಂಪನಿಯ ಗುರುತು ಒಮ್ಮೆ ಬೆಳಗುತ್ತದೆ. ಆಮೇಲೆ ಕಪ್ಪು. ಜೆರಿ ಪ್ಲಗ್ ಬದಲಿಸಿದ, ಮಾನಿಟರಿನ ವೈರ್ ಬದಲಿಸಿದ, ಡಬ್ಬ ಬಿಚ್ಚಿ ಧೂಳು ತೆಗೆದ, ಯಾವುದೋ ವಿಡಿಯೊ ನೋಡಿ ಮೆಮೊರಿ ಪಟ್ಟಿಗಳನ್ನು ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಕಪ್ಪು ಕಪ್ಪಾಗಿಯೇ ಉಳಿಯಿತು. ನಾನು ಮನಾಮದ ಕ್ಲಿನಿಕ್ಕೊಂದರಲ್ಲಿ ನರ್ಸ್. ಉಸಿರು ಉಂಟು, ನಾಡಿ ಉಂಟು, ಕಣ್ಣು ಬಿಡುವುದಿಲ್ಲ ಅಷ್ಟೇ ಎಂದು ತಮಾಷೆ ಮಾಡಿದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದ. ಅಂದು ತಲೆ ಎತ್ತಲೂ ಇಲ್ಲ.

ಅವನು ಹುಡುಕುತ್ತಿದ್ದದ್ದು ಒಂದೇ ಒಂದು ವಿಡಿಯೊ. ಅವನ ಅಕ್ಕ ಬೆನೆಡಿಕ್ಟಾಳ ಶವಸಂಸ್ಕಾರದ್ದು.

ಅಕ್ಕನೂ ನನ್ನ ಹಾಗೆ ನರ್ಸ್. ಬಹರೈನಿಗೆ ಮೊದಲು ಬಂದವಳು ಅವಳೇ. ತಮ್ಮನಿಗೆ ವೀಸಾ ಮಾಡಿಸಿ ಕರೆಸಿಕೊಂಡವಳೂ ಅವಳೇ, ನನ್ನನ್ನು ಆಸ್ಪತ್ರೆಯ ಡ್ಯೂಟಿಯಲ್ಲಿ ನೋಡಿ ಅವನಿಗೆ ಕಟ್ಟಿದವಳೂ ಅವಳೇ. ನಿವೃತ್ತಳಾಗಿ ಊರಿಗೆ ಮರಳಿ ಬೊಂದೇಲಿನಲ್ಲಿ ಮಗಳ ಮನೆಯಲ್ಲಿ ಹಾಯಾಗಿದ್ದವಳು ಒಂದು ಬೆಳಿಗ್ಗೆ ಎದೆನೋವೆಂದು ಮಲಗಿ ಏಳಲಿಲ್ಲ. ಜೆರಿಯ ಪಾಸ್‌ಪೋರ್ಟ್ ಆಗ ನವೀಕರಣಕ್ಕೆ ಹೋಗಿತ್ತು. ಯಾರ ಕೈಕಾಲು ಹಿಡಿದರೂ ಸಮಯಕ್ಕೆ ಸಿಗುವಂತಿರಲಿಲ್ಲ.

ಹಾಗಾಗಿ ನಮ್ಮವರೆಲ್ಲ ಈಗ ಮಾಡುವಂತೆಯೇ ಮಾಡಿದೆವು. ಊರಿನ ಸ್ಟುಡಿಯೊದವರು ಇಗರ್ಜಿಯಿಂದ ನೇರಪ್ರಸಾರ ಮಾಡಿದರು, ಜಿಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಪರಿಚಯದವರು ಸೇರಿ ಜಪಸರ ಹೇಳಿದರು. ಕಂಪ್ಯೂಟರಿನ ಸಣ್ಣ ಪರದೆ ಅಷ್ಟು ಮಂದಿಗೆ ಸಾಲದೆಂದು ಪಕ್ಕದ ಮನೆಯ ಮರ್ವಿನ್ ವೈರ್ ತಂದು ಟಿವಿಗೆ ಜೋಡಿಸಿದ. ಆಗ ಶವಪೆಟ್ಟಿಗೆ ಎರಡು ಕಡೆ ಕಾಣತೊಡಗಿತು. ಒಂದು ಮನೆಯಲ್ಲಿ ಎರಡೆರಡು ಪೆಟ್ಟಿಗೆ ಕಾಣಬಾರದು, ಅಪಶಕುನ ಎಂದು ಅವನ ಹೆಂಡತಿ ಆನ್ಸಿ ಗೊಣಗಿದಳು. ಮರ್ವಿನ್ ಏನೋ ಒತ್ತಿದ, ಸಣ್ಣ ಪರದೆ ಕಪ್ಪಾಯಿತು. ಎಲ್ಲವನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲೇ ಇಟ್ಟಿದ್ದೇನೆ ಎಂದು ಹೇಳಿ ಹೋದ.

ಹಣೆಗೆ ಕಡೆಯ ಮುತ್ತು ಕೊಡಲು ಮನೆಯವರು ಸಾಲಾಗಿ ನಿಂತ ಹೊತ್ತಿಗೆ ನನ್ನ ಗಂಡ ಎದ್ದ. ಬಂದವರಿಗೆ ಚಹಾ ಆಗಬೇಕಲ್ಲ ಎಂದು ಅಡುಗೆಮನೆಗೆ ಹೋದ. ನಮ್ಮ ಮದುವೆಯಾದಂದಿನಿಂದ ಚಹಾಕ್ಕೆ ನೀರಿಟ್ಟವನಲ್ಲ. ಪೆಟ್ಟಿಗೆ ಮುಚ್ಚಿ, ಹೊರಗೆ ಒಯ್ದ ಮೇಲೆಯೇ ಅವನು ಟ್ರೇ ಹಿಡಿದು ಬಂದದ್ದು. ನನಗೆ ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಅವನು ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಅಕ್ಕನ ಹೆಸರನ್ನೇ ಎತ್ತಲಿಲ್ಲ.

ಮರುದಿನ ಟಿವಿಯ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿದ. ಸಾವಾದ ಮನೆಯಲ್ಲಿ, ಇಗರ್ಜಿಯಲ್ಲಿ ತೀರಿಹೋದವರ ತಿಂಗಳ ಪೂಜೆಯಾಗುವ ತನಕ ಟಿವಿ ಹಾಕಬಾರದು. ಅವರ ಮನೆಯಲ್ಲಿ ಆ ಕಟ್ಟಳೆಯನ್ನು ಬಿಗಿಯಾಗಿ ಹಿಡಿದವಳು ಅಕ್ಕನೇ. ಅಪ್ಪ ತೀರಿಕೊಂಡಾಗ, ಇನ್ನೂ ಲಂಗ ತೊಡುವ ವಯಸ್ಸಿನಲ್ಲೇ, ರೇಡಿಯೊವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳಂತೆ.

ಕಂಪ್ಯೂಟರನ್ನೂ ಯಾರೂ ಮುಟ್ಟಿರಲಿಲ್ಲ. ಎಷ್ಟೋ ದಿನ ಕಳೆದ ಮೇಲೆ ಜೆರಿ ತಾನಾಗಿಯೇ ಅದರ ಮುಂದೆ ಕೂತಾಗ ನನಗೆ ಜೀವ ಬಂದಂತಾಯಿತು. ನೋಡಲಿ, ಅಳಲಿ, ಹಗುರಾಗಲಿ ಎಂದುಕೊಂಡೆ. ನೋಡಿದರೆ ಈ ಕಪ್ಪು ಪರದೆ. ಸ್ಟುಡಿಯೊದವರು ತಮ್ಮ ಕಡೆಯಿಂದ ವಿಡಿಯೊ ಅಳಿಸಿಬಿಟ್ಟಿದ್ದರು. ಇದ್ದದ್ದು ಈ ಡಬ್ಬದೊಳಗೆ ಮಾತ್ರ.

ಗುರುವಾರ ಸಂಜೆ ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು, ಹೋದರೆ ಹೋಯಿತು ಬಿಡು, ಗುಜರಿಗೆ ಹಾಕುವಾ ಎಂದ. ಡಬ್ಬದ ಜೊತೆ ಅಕ್ಕನನ್ನೂ ಬಿಟ್ಟುಬಿಡುವವನಿದ್ದ. ಯಾರನ್ನೂ ಕೇಳಬೇಡ ಎಂದು ಅವನು ಹೇಳಿದ್ದರೂ, ಶುಕ್ರವಾರ ಜುಮಾ ನಮಾಜು ಮುಗಿಸಿ ಬರುತ್ತಿದ್ದ ಮೇಲಿನ ಫ್ಲ್ಯಾಟಿನ ನಿಝಾಮನನ್ನು ನಾನು ಮೆಟ್ಟಿಲಲ್ಲೇ ಹಿಡಿದೆ. ಅವನು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. ಬಿರಿಯಾನಿ ಕಾಯುತ್ತಿದ್ದರೂ ಪಾಪ, ಒಳಗೆ ಬಂದ.

ನಿಝಾಮ್ ಡಬ್ಬ ಮುಟ್ಟಲಿಲ್ಲ. ಕಂಪನಿಯ ಗುರುತು ಬೆಳಗಿ ಆರುವುದನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿದ.

"ಆಂಟಿ, ಇದು ಸರಿ ಇದ್ದಾಗ ಲಾಸ್ಟ್ ಎಂತ ನೋಡಿದ್ದು?"

ಶವಸಂಸ್ಕಾರ ಎಂದೆ. ಎಲ್ಲಿ ನೋಡಿದಿರಿ ಎಂದ. ಟಿವಿಯಲ್ಲಿ ಎಂದೆ. ಅವನು ಬೆಡ್‌ಶೀಟ್ ಹೊದ್ದ ಟಿವಿಯನ್ನು ನೋಡಿದ. ಜೆರಿ ರಿಮೋಟಿನಲ್ಲಿ ಆರಿಸಿದ್ದಷ್ಟೆ. ಬಟ್ಟೆಯ ಹಿಂದೆ ಅದರ ಕೆಂಪು ದೀಪ ಇನ್ನೂ ಕಾಣುತ್ತಿತ್ತು.

"ಕಂಪ್ಯೂಟರಿಗೆ ಏನೂ ಆಗ್ಲಿಲ್ಲ ಅಂಕಲ್. ಚಿತ್ರ ಈಗಲೂ ಟಿವಿಗೇ ಹೋಗ್ತಾ ಉಂಟು. ಆನ್ ಮಾಡಿ, ಬರ್ತದೆ."

ತಿಂಗಳಾಗಲಿಲ್ಲ, ಟಿವಿ ಹಾಕುವಂತಿಲ್ಲ ಎಂದ ಜೆರಿ. ನಿಝಾಮ್ ವಾದ ಮಾಡಲಿಲ್ಲ. ಸಾವಿನ ಮನೆಯ ಕಟ್ಟಳೆ ಅವರಲ್ಲೂ ಉಂಟು. ಹಾಗಾದರೆ ಟಿವಿಯ ಹಿಂದಿನ ವೈರ್ ಎಳೆದುಬಿಡಿ, ಚಿತ್ರ ತಾನಾಗಿ ಸಣ್ಣ ಪರದೆಗೆ ಬರುತ್ತದೆ ಎಂದು ಹೇಳಿ, ಚಹಾ ಬೇಡವೆಂದು ಮೇಲೆ ಹೋದ.

ಅಷ್ಟೇ ಕೆಲಸ. ಜೆರಿ ಟಿವಿಯ ಹಿಂದೆ ಕೈ ಹಾಕಿ ವೈರ್ ಹಿಡಿದ. ನನಗೆ ಮುಂದಿನದೆಲ್ಲ ಗೊತ್ತಿತ್ತು. ಚಿತ್ರ ಸಣ್ಣ ಪರದೆಗೆ ಬರುತ್ತದೆ, ವಿಡಿಯೊ ಇದೆಯೆಂದು ಖಾತ್ರಿಯಾಗುತ್ತದೆ, ಇನ್ನೊಂದು ದಿನ ನೋಡುವಾ ಎಂದು ಮುಚ್ಚಿಡುತ್ತಾನೆ, ಆ ಇನ್ನೊಂದು ದಿನ ಬರುವುದಿಲ್ಲ. ಎಳೆಯಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಜನ್ಮದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡೆ.

ಅವನು ವೈರ್ ಬಿಟ್ಟ. ಆಮೇಲೆ ಬರಿಗೈ ಹೊರಗೆ ತೆಗೆದು, ಬೆಡ್‌ಶೀಟ್ ಎತ್ತಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟ.

"ಅಕ್ಕ ಬೈತಾಳೆ," ಎಂದ. "ಬೈಲಿ. ನೀನು ಇಲ್ಲೇ ಕೂತ್ಕೊ ಪೆಟ್ರೀ, ಎದ್ದು ಹೋಗ್ಬೇಡ."

ಟಿವಿ ಹಾಕಿದ ಕೂಡಲೇ ಕಂಪ್ಯೂಟರಿನ ಮುಖಪುಟ ಅಷ್ಟಗಲಕ್ಕೆ ತೆರೆದುಕೊಂಡಿತು. ವಾರವಿಡೀ ಅವನು ಮೇಜಿನ ಕೆಳಗೆ ಒದ್ದಾಡುತ್ತಿದ್ದಾಗಲೂ ಅದು ಅಲ್ಲಿಯೇ ಇತ್ತು. ವಿಡಿಯೊ ಹಾಕಿದ. ಗಾಯನ, ಪಾದ್ರಿಗಳ ಪ್ರಸಂಗ, ಎಲ್ಲವನ್ನೂ ನೋಡಿದೆವು. ಅಕ್ಕನಿಗೆ ಅವಳಿಗಿಷ್ಟದ ನೀಲಿ ಅಂಚಿನ ಸೀರೆ ಉಡಿಸಿದ್ದರು. ಮನೆಯವರು ಸಾಲಾಗಿ ನಿಲ್ಲುವ ಹೊತ್ತು ಬಂತು. ಮಗಳು ಬಗ್ಗಿದಳು, ಅಳಿಯ ಬಗ್ಗಿದ, ಮೊಮ್ಮಕ್ಕಳು ಬಗ್ಗಿದರು.

ಜೆರಿ ಎದ್ದು ನಿಂತ. ಮತ್ತೆ ಅಡುಗೆಮನೆಗೆ ಹೊರಟ ಎಂದುಕೊಂಡೆ. ಅವನು ಮೊಮ್ಮಕ್ಕಳು ಮುಗಿಯುವ ತನಕ, ಸಾಲಿನ ಕೊನೆಯಲ್ಲಿರುವವನಂತೆ ಕೈಕಟ್ಟಿ ಕಾದ. ಆಮೇಲೆ ಟಿವಿಯ ಹತ್ತಿರ ಹೋಗಿ, ಬಗ್ಗಿ, ಅಕ್ಕನ ಹಣೆಗೆ ಮುತ್ತು ಕೊಟ್ಟ. ಅಲ್ಲಿಯೇ ನೆಲದಲ್ಲಿ ಕುಸಿದು ಮಗುವಿನಂತೆ ಅತ್ತ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನನಗೂ ಅಳು ತಡೆಯಲಾಗಲಿಲ್ಲ.

ಸಂಜೆ ಅವನೇ ಟಿವಿ ಆರಿಸಿ ಬೆಡ್‌ಶೀಟ್ ಹೊದಿಸಿದ. ವೈರ್ ಎಳೆಯುವುದಿಲ್ಲವಾ ಎಂದು ಕೇಳಿದೆ. ಈಗ ಬೇಡ, ಪೂಜೆ ಆಗಲಿ ಎಂದ. ಹಾಗಾಗಿ ನಮ್ಮ ಕಂಪ್ಯೂಟರ್ ಇನ್ನೂ ಕಪ್ಪಾಗಿಯೇ ತೆರೆಯುತ್ತದೆ.